ಸಣ್ಣ ಕಾಲೇಜು, ದೊಡ್ಡ ವಿಶ್ವವಿದ್ಯಾಲಯ: ಹೆಸರು ಎಲ್ಲಿಂದ ಬರುತ್ತದೆ?

ಇಂಟರ್ನ್‌ಶಿಪ್‌ಗೆಂದು ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಗೆ ಸಾಮಾನ್ಯವಾಗಿ ಮೊದಲು ಎದುರಾಗುವ ಪ್ರಶ್ನೆ ಪಾಠಯೋಜನೆಯದಲ್ಲ. "ಯಾವ ಕಾಲೇಜಿನವರು ನೀವು?" ಎಂದು ಮುಖ್ಯೋಪಾಧ್ಯಾಯರು ಕೇಳುತ್ತಾರೆ. ಉತ್ತರ ಕೇಳಿದ ಮೇಲೆ ಅವರ ಮುಖದಲ್ಲಿ ಮೂಡುವ ಭಾವ ಮುಂದಿನ ವಾರಗಳ ಕೆಲಸವನ್ನು ಸ್ವಲ್ಪಮಟ್ಟಿಗೆ ನಿರ್ಧರಿಸಿಬಿಡುತ್ತದೆ: ಎಷ್ಟು ಪೀರಿಯಡ್ ಕೊಡುತ್ತಾರೆ, ಯಾವ ತರಗತಿ ಕೊಡುತ್ತಾರೆ, ಹತ್ತನೇ ತರಗತಿಯ ಬಾಗಿಲು ತೆರೆಯುತ್ತದೆಯೋ ಇಲ್ಲವೋ. ಎರಡು ತಿಂಗಳು ಕಳೆದ ಮೇಲೆ ಅದೇ ಶಾಲೆಯ ಮಕ್ಕಳು ಅದೇ ಪ್ರಶಿಕ್ಷಣಾರ್ಥಿಯನ್ನು ಕೇಳುವುದು ಇನ್ನೊಂದು ಪ್ರಶ್ನೆ: "ಟೀಚರ್, ಮುಂದೆ ಎಲ್ಲಿ ಸೇರಿದರೆ ಒಳ್ಳೇದು? ಇಲ್ಲೇ ಊರಲ್ಲಿ ಓದಿದರೆ ಬೆಲೆ ಇರುತ್ತಾ?" ಎರಡೂ ಪ್ರಶ್ನೆಗಳು ಸಂಸ್ಥೆಯ ಹೆಸರಿಗೆ ಸಂಬಂಧಿಸಿದವು. ಎರಡಕ್ಕೂ ನಾವು ಕೊಡುವ ಉತ್ತರ ಬಹುಮಟ್ಟಿಗೆ ಕೇಳಿದ ಮಾತು, ಅಂದಾಜು, ಕೀಳರಿಮೆ ಇವುಗಳಿಂದಲೇ ಕೂಡಿರುತ್ತದೆ. ಆದ್ದರಿಂದ ಈ 'ಹೆಸರು' ಎಂಬುದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಒಂದು ಸರಳ ಸಂಗತಿ. ನಮ್ಮಲ್ಲಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳನ್ನು ಎದುರುಬದುರು ನಿಲ್ಲಿಸಿ ಹೋಲಿಸುವುದೇ ಅರ್ಧ ತಪ್ಪು. ಬಹುಪಾಲು ಕಾಲೇಜುಗಳು ಯಾವುದಾದರೊಂದು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದವು. ಪಠ್ಯಕ್ರಮ ವಿಶ್ವವಿದ್ಯಾಲಯದ್ದು, ಪ್ರಶ್ನೆಪತ್ರಿಕೆ ಅದರದ್ದು, ಪದವಿ ಪ್ರಮಾಣಪತ್ರದ ಮೇಲಿನ ಮುದ್ರೆಯೂ ಅದರದ್ದೇ. ಪಾಠ ಮಾಡಿದವರು, ಪಾಠ ನೋಡಿ ತಿದ್ದಿದವರು, ಶುಲ್ಕದ ಕಂತು ತಡವಾದಾಗ ಸಮಾಧಾನ ಹೇಳಿದವರು ಮಾತ್ರ ಕಾಲೇಜಿನವರು. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 1,168 ವಿಶ್ವವಿದ್ಯಾಲಯಗಳೂ 45,473 ಕಾಲೇಜುಗಳೂ ಇವೆ. ಕಾಲೇಜು ವಯಸ್ಸಿನ ಪ್ರತಿ ಒಂದು ಲಕ್ಷ ಯುವಜನರಿಗೆ ಎಷ್ಟು ಕಾಲೇಜು ಎಂಬ ಲೆಕ್ಕದಲ್ಲಿ ಕರ್ನಾಟಕ 66ರೊಂದಿಗೆ ಮೊದಲ ಸ್ಥಾನದಲ್ಲಿತ್ತು. ಅಂದರೆ ಈ ರಾಜ್ಯದಲ್ಲಿ 'ವಿಶ್ವವಿದ್ಯಾಲಯದಲ್ಲಿ ಓದಿದೆ' ಎನ್ನುವವರಲ್ಲಿ ಹೆಚ್ಚಿನವರು ನಿಜವಾಗಿ ಓದಿದ್ದು ಸಣ್ಣ ಕಾಲೇಜಿನಲ್ಲಿ.

ಈ ಮುದ್ರೆಯ ಮಹಿಮೆ ಎಷ್ಟು ಎಂಬುದಕ್ಕೆ ಬೆಂಗಳೂರಿನ ಉದಾಹರಣೆ ಸಾಕು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ವಿಭಜಿಸಿ 2017ರಿಂದ ಹೊಸ ವ್ಯವಸ್ಥೆ ಜಾರಿಗೆ ಬಂತು. ಒಂದೇ ರಸ್ತೆಯಲ್ಲಿದ್ದ, ಒಂದೇ ಅಧ್ಯಾಪಕರಿದ್ದ, ಒಂದೇ ಕಪ್ಪುಹಲಗೆಯಿದ್ದ ಕಾಲೇಜುಗಳ ಪ್ರಮಾಣಪತ್ರದ ಹೆಸರು ಬದಲಾಯಿತು. ತರಗತಿಯೊಳಗೆ ಏನೂ ಬದಲಾಗದೆ ಹೊರಗಿನ ಹೆಸರು ಬದಲಾಗುತ್ತದೆ ಎಂದರೆ ಆ ಹೆಸರು ತರಗತಿಯ ಬಗ್ಗೆ ನಮಗೆ ಎಷ್ಟು ತಿಳಿಸುತ್ತಿತ್ತು ಎಂದು ಕೇಳಿಕೊಳ್ಳಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ ಮುಂತಾದ ಕಡೆ ಹೊಸ ವಿಶ್ವವಿದ್ಯಾಲಯಗಳು ಬಂದವು. ಅಲ್ಲಿ ಪ್ರಶ್ನೆ ತಿರುಗುಮುರುಗಾಗಿದೆ. ಹಲಗೆಯ ಮೇಲೆ 'ವಿಶ್ವವಿದ್ಯಾಲಯ' ಎಂದು ಬರೆದಾಗಿದೆ. ಕಾಯಂ ಅಧ್ಯಾಪಕರು, ಕಟ್ಟಡ, ಅನುದಾನ ಇವೆಲ್ಲ ಬರಬೇಕು. ಹಳೆಯ ಮುದ್ರೆಯೇ ಇರಲಿ ಎಂದು ವಿದ್ಯಾರ್ಥಿಗಳು ಬಯಸಿದರೆ ಅವರನ್ನು ತಪ್ಪೆನ್ನಲು ಆಗದು.

ಕಾಲೇಜು ಮೊದಲು, ವಿಶ್ವವಿದ್ಯಾಲಯ ಆಮೇಲೆ

ಇತಿಹಾಸವನ್ನು ನೋಡಿದರೆ ಸಾಲ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ಮೈಸೂರು ವಿಶ್ವವಿದ್ಯಾಲಯ ಪ್ರಾರಂಭವಾದದ್ದು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಆದರೆ ಅದು ಬರಿಗೈಯಲ್ಲಿ ಹುಟ್ಟಲಿಲ್ಲ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಆಗಲೇ ದಶಕಗಳಿಂದ ಹೆಸರು ಮಾಡಿದ್ದವು. ಅಲ್ಲಿಯವರೆಗೆ ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗೆ ಮಕ್ಕಳನ್ನು ಕಳಿಸುತ್ತಿದ್ದ ಈ ಎರಡು ಕಾಲೇಜುಗಳೇ ಹೊಸ ವಿಶ್ವವಿದ್ಯಾಲಯದ ಬುನಾದಿ. ಮೊದಲ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯದ ಕೀರ್ತಿ ಎಂದರೆ ಈ ಎರಡು ಕಾಲೇಜುಗಳ ಕೀರ್ತಿಯೇ ಆಗಿತ್ತು.

ನಮ್ಮ ವೃತ್ತಿಗೆ ಇನ್ನೂ ಹತ್ತಿರದ ಉದಾಹರಣೆ ಧಾರವಾಡದ್ದು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಆ ಭಾಗದ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ, ಕನ್ನಡದ ಪ್ರಾಥಮಿಕ ಶಿಕ್ಷಕರನ್ನು ತಯಾರು ಮಾಡಲು ನಾರ್ಮಲ್ ಸ್ಕೂಲ್ ನಡೆಯುತ್ತಿತ್ತು. ಮುಂದೆ ಅದು ಟ್ರೇನಿಂಗ್ ಕಾಲೇಜಾಯಿತು. ಅದರ ಮುಖ್ಯಸ್ಥರಾಗಿದ್ದವರು ಡೆಪ್ಯುಟಿ ಚನ್ನಬಸಪ್ಪನವರು. ಶಿಕ್ಷಕರಿಗಾಗಿ ಆಗ ಹುಟ್ಟಿದ 'ಮಠಪತ್ರಿಕೆ'ಯ ಪರಂಪರೆಯೇ ಮುಂದೆ 'ಜೀವನ ಶಿಕ್ಷಣ'ವಾಗಿ ಮುಂದುವರಿಯಿತು. ಆ ಕಾಲೇಜು ಯಾರಿಗೂ ಬಿ.ಎ. ಕೊಡಲಿಲ್ಲ, ಎಂ.ಎ. ಕೊಡಲಿಲ್ಲ. ಆದರೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಟ್ರೇನಿಂಗ್ ಮುಗಿಸಿ ಬಂದ ಮಾಸ್ತರು ಎಂದರೆ ಒಂದು ತೂಕವಿತ್ತು. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ, ಅದೂ ಮುಂಬೈಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಬಂತು. ಆ ಹೊತ್ತಿಗೆ ಶಿಕ್ಷಕರ ತರಬೇತಿಯ ಊರು ಎಂಬ ಹೆಸರು ಧಾರವಾಡಕ್ಕೆ ಅಂಟಿ ಮುಕ್ಕಾಲು ಶತಮಾನ ಆಗಿಹೋಗಿತ್ತು. ಟ್ರೇನಿಂಗ್ ಕಾಲೇಜಿನ ಈ ಹೆಸರು ಹರಡಿದ್ದು ಒಂದೇ ದಾರಿಯಲ್ಲಿ: ಅಲ್ಲಿ ಕಲಿತವರು ಹೋದ ಶಾಲೆಗಳಲ್ಲಿ ಪಾಠ ಹೇಗೆ ನಡೆಯಿತು ಎಂಬುದನ್ನು ಊರವರು ಕಣ್ಣಾರೆ ಕಂಡರು.

ಅಳೆಯುವ ಕೋಲು ಬೇರೆ ಬೇರೆ

ಇಂದು ಹೆಸರು ಹರಡಲು ಇನ್ನೊಂದು ದಾರಿಯಿದೆ. ಅದು ಶ್ರೇಣಿ ಮತ್ತು ರ‍್ಯಾಂಕು. ಪ್ರಶಿಕ್ಷಣಾರ್ಥಿಗಳು ಇದನ್ನು ತಿಳಿದಿರಬೇಕು, ಏಕೆಂದರೆ ಪೋಷಕರು ಜಾಹೀರಾತಿನಲ್ಲಿ ನೋಡುವುದು ಇದನ್ನೇ.

1994ರಲ್ಲಿ ಸ್ಥಾಪನೆಯಾದ ನ್ಯಾಕ್‌ನ ಕಚೇರಿ ಬೆಂಗಳೂರಿನಲ್ಲೇ ಇದೆ. ಅದು ಏಳು ಮಾನದಂಡಗಳ ಮೇಲೆ ಒಟ್ಟು 1000 ಅಂಕಗಳಿಗೆ ಮೌಲ್ಯಮಾಪನ ಮಾಡಿ, ನಾಲ್ಕರ ಮಾಪನದಲ್ಲಿ ಸರಾಸರಿ ಅಂಕ ಕೊಡುತ್ತಾ ಬಂದಿದೆ. 3.51 ಮತ್ತು ಮೇಲ್ಪಟ್ಟರೆ ಎ ಪ್ಲಸ್ ಪ್ಲಸ್. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಮಾನದಂಡಗಳು ಒಂದೇ ಆದರೂ ತೂಕ ಒಂದೇ ಅಲ್ಲ. 2017ರ ಪರಿಷ್ಕೃತ ಚೌಕಟ್ಟಿನಲ್ಲಿ ವಿಶ್ವವಿದ್ಯಾಲಯಕ್ಕೆ ಬೋಧನೆ, ಕಲಿಕೆ, ಮೌಲ್ಯಮಾಪನದ ಮಾನದಂಡಕ್ಕೆ 200 ಅಂಕ, ಸಂಶೋಧನೆ ಮತ್ತು ವಿಸ್ತರಣೆಗೆ 250. ಸಂಯೋಜಿತ ಪದವಿ ಕಾಲೇಜಿಗೆ ಬೋಧನೆಗೆ 350, ಸಂಶೋಧನೆಗೆ 110. ಶಿಕ್ಷಕ ಶಿಕ್ಷಣ ಸಂಸ್ಥೆಗಳಿಗೆ ಪ್ರತ್ಯೇಕ ಕೈಪಿಡಿಯೇ ಇದೆ. ಆದ್ದರಿಂದ ಒಂದು ಕಾಲೇಜಿನ 'ಎ'ಯನ್ನೂ ಒಂದು ವಿಶ್ವವಿದ್ಯಾಲಯದ 'ಎ'ಯನ್ನೂ ಪಕ್ಕಪಕ್ಕದಲ್ಲಿಟ್ಟು ಯಾವುದು ದೊಡ್ಡದು ಎಂದು ಕೇಳುವುದು, ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಮೊಳದಲ್ಲಿ ಅಳೆದ ಬಟ್ಟೆಯನ್ನೂ ಹೋಲಿಸಿದಂತೆ. ಮೌಲ್ಯಮಾಪನದ ಪಾಠ ಮಾಡುವ ನಾವೇ ಇದನ್ನು ಮರೆತು ಬ್ಯಾನರ್ ಕಟ್ಟಿಸುತ್ತೇವೆ.

2016ರಿಂದ ಪ್ರಕಟವಾಗುತ್ತಿರುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿಯೂ ಹೀಗೆಯೇ. ವಿಶ್ವವಿದ್ಯಾಲಯಗಳಿಗೆ ಬೋಧನೆ ಮತ್ತು ಸಂಪನ್ಮೂಲಕ್ಕೆ ಶೇ 30, ಸಂಶೋಧನೆಗೆ ಶೇ 30 ತೂಕ. ಕಾಲೇಜುಗಳಿಗೆ ಬೋಧನೆಯ ತೂಕ ಶೇ 40. ಅದರಲ್ಲಿ ಇನ್ನೊಂದು ಕುತೂಹಲದ ಅಂಶವಿದೆ. ಶೇ 10ರಷ್ಟು ತೂಕ 'ಗ್ರಹಿಕೆ'ಗೆ, ಅಂದರೆ ಉದ್ಯೋಗದಾತರೂ ವಿದ್ವಾಂಸರೂ ಆ ಸಂಸ್ಥೆಯ ಬಗ್ಗೆ ಏನೆಂದುಕೊಂಡಿದ್ದಾರೆ ಎಂಬುದಕ್ಕೆ. ಹೆಸರಿದ್ದವರಿಗೆ ಅಂಕ, ಅಂಕ ಬಂದವರಿಗೆ ಮತ್ತೆ ಹೆಸರು. ತಾಲ್ಲೂಕು ಕೇಂದ್ರದ ಬಿ.ಎಡ್. ಕಾಲೇಜೊಂದರ ಹೆಸರನ್ನು ದೂರದ ಉದ್ಯೋಗದಾತರು ಎಲ್ಲಿಂದ ಕೇಳಿರಬೇಕು? ಅಲ್ಲದೆ ಶಿಕ್ಷಕ ಶಿಕ್ಷಣಕ್ಕೆಂದೇ ಒಂದು ಪ್ರತ್ಯೇಕ ಪಟ್ಟಿ ಅದರಲ್ಲಿಲ್ಲ. ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್, ಕಾನೂನು, ಫಾರ್ಮಸಿ ಎಲ್ಲಕ್ಕೂ ಇದೆ. ಶಿಕ್ಷಕರನ್ನು ತಯಾರು ಮಾಡುವ ಕಾಲೇಜು ಚೆನ್ನಾಗಿದೆಯೇ ಎಂದು ತಿಳಿಯಬಯಸುವವರಿಗೆ ಆ ಪಟ್ಟಿಯಿಂದ ಹೆಚ್ಚು ಸಹಾಯವಿಲ್ಲ.

ಮೈಸೂರಿನ ಒಂದು ಕಾಲೇಜು

ಸಣ್ಣ ಸಂಸ್ಥೆಯೊಂದು ದೊಡ್ಡದರ ನೆರಳಿನಲ್ಲಿದ್ದೂ ತನ್ನದೇ ಹೆಸರು ಸಂಪಾದಿಸಬಹುದು ಎಂಬುದಕ್ಕೆ ಒಳ್ಳೆಯ ಸಾಕ್ಷಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. 1963ರಲ್ಲಿ ಎನ್‌ಸಿಇಆರ್‌ಟಿ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ನಾಲ್ಕು ಪ್ರಾದೇಶಿಕ ಕಾಲೇಜುಗಳನ್ನು ಆರಂಭಿಸಿತು. ಮೈಸೂರಿನದು ಇರುವುದು ಮಾನಸಗಂಗೋತ್ರಿಯ ಮಗ್ಗುಲಲ್ಲೇ. ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾಲಯವೇ. ಆದರೂ ಕೇರಳದಲ್ಲೋ ತಮಿಳುನಾಡಿನಲ್ಲೋ ಹಿರಿಯ ವಿಜ್ಞಾನ ಶಿಕ್ಷಕರೊಬ್ಬರು "ನಾನು ಮೈಸೂರಿನಲ್ಲಿ ಓದಿದ್ದು" ಎಂದರೆ ಬಹುಮಟ್ಟಿಗೆ ಅವರು ಹೇಳುತ್ತಿರುವುದು ಈ ಕಾಲೇಜನ್ನು.

ಇದಕ್ಕೆ ಕಾರಣ ಹುಡುಕಿದರೆ ಎರಡು ಮುಖ್ಯವಾಗಿ ಕಾಣುತ್ತವೆ. ಒಂದು, ನಾಲ್ಕು ವರ್ಷಗಳ ಬಿ.ಎಸ್‌ಸಿ.ಎಡ್. ಎಂಬ ಸಂಯೋಜಿತ ಕೋರ್ಸು. ವಿಷಯಜ್ಞಾನವನ್ನೂ ಬೋಧನೆಯನ್ನೂ ಬೇರೆ ಬೇರೆ ಮನೆಗಳಲ್ಲಿ ಕಲಿಸದೆ ಒಂದೇ ಸೂರಿನಡಿ ಕಲಿಸುವ ಆ ಯೋಚನೆಯನ್ನು ದೇಶ ಮತ್ತೆ ದೊಡ್ಡದಾಗಿ ಕೈಗೆತ್ತಿಕೊಂಡದ್ದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ. ಐಟಿಇಪಿ ಹೆಸರಿನಲ್ಲಿ ಅದು ಶುರುವಾದದ್ದು 2023–24ರಲ್ಲಿ. ಇನ್ನೊಂದು, ಆವರಣದಲ್ಲೇ ಇರುವ ಪ್ರಾತ್ಯಕ್ಷಿಕೆ ಶಾಲೆ. ಪ್ರಶಿಕ್ಷಣಾರ್ಥಿ ಬೆಳಿಗ್ಗೆ ಓದಿದ ವಿಧಾನವನ್ನು ಮಧ್ಯಾಹ್ನ ಮಕ್ಕಳ ಮುಂದೆ ಪರೀಕ್ಷಿಸಬಹುದು, ಕಲಿಸುವ ಪ್ರಾಧ್ಯಾಪಕರೂ ಅದೇ ಮಕ್ಕಳ ಮುಂದೆ ನಿಲ್ಲಬಹುದು. ಕೊಠಾರಿ ಆಯೋಗ 1964–66ರಲ್ಲಿ ಶಿಕ್ಷಕ ಶಿಕ್ಷಣದ ದೊಡ್ಡ ರೋಗ 'ಒಂಟಿತನ' ಎಂದು ಗುರುತಿಸಿತ್ತು: ತರಬೇತಿ ಕಾಲೇಜುಗಳು ವಿಶ್ವವಿದ್ಯಾಲಯದ ಬದುಕಿನಿಂದ ದೂರ, ಶಾಲೆಗಳಿಂದ ದೂರ, ಒಂದರಿಂದೊಂದು ದೂರ. ಮೈಸೂರಿನ ಕಾಲೇಜಿಗೆ ಮೊದಲೆರಡು ದೂರಗಳು ಸಾಕಷ್ಟು ಕಡಿಮೆಯಾಗಿದ್ದವು.

ಇಲ್ಲೊಂದು ಮಾತು ಸೇರಿಸದಿದ್ದರೆ ಅಪ್ರಾಮಾಣಿಕವಾಗುತ್ತದೆ. ಆ ಸಂಸ್ಥೆ ಗಾತ್ರದಲ್ಲಿ ಸಣ್ಣದೇ ಹೊರತು ಬಡದಲ್ಲ. ಹಿಂದೆ ಕೇಂದ್ರ ಸರ್ಕಾರದ ಹಣವಿದೆ, ವಿದ್ಯಾರ್ಥಿನಿಲಯಗಳಿವೆ, ಕಾಯಂ ಹುದ್ದೆಗಳಿವೆ. ಅದನ್ನು ತೋರಿಸಿ, ಅತಿಥಿ ಉಪನ್ಯಾಸಕರನ್ನೇ ನಂಬಿ ನಡೆಯುವ ಕಾಲೇಜಿಗೆ "ನೀವೂ ಹಾಗಾಗಿ" ಎನ್ನುವುದು ಸುಲಭದ ಉಪದೇಶ. ಆದರೆ ಶಾಲೆಯ ಜೊತೆಗಿನ ನಂಟು ಎಂಬ ಎರಡನೆಯ ಕಾರಣಕ್ಕೆ ಅಷ್ಟು ಹಣ ಬೇಕಿಲ್ಲ.

ಕೆಟ್ಟ ಹೆಸರಿನ ಲೆಕ್ಕ

ಒಳ್ಳೆಯ ಹೆಸರಿಗಿಂತ ಕೆಟ್ಟ ಹೆಸರು ಹೇಗೆ ಹಂಚಿಕೆಯಾಗುತ್ತದೆ ಎಂಬುದು ನಮಗೆ ಹೆಚ್ಚು ಮುಖ್ಯ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಹಾಳಾದರೆ ಉಳಿದ ಮೂವತ್ತು ವಿಭಾಗಗಳ ಹೆಸರು ಅದನ್ನು ಮುಚ್ಚುತ್ತದೆ. ಸಣ್ಣ ಕಾಲೇಜುಗಳಲ್ಲಿ ಇದು ತಲೆಕೆಳಗು. ಎಲ್ಲೋ ಒಂದು ಕಾಲೇಜು ಹಾಜರಾತಿಯಿಲ್ಲದೆ ಪ್ರಮಾಣಪತ್ರ ಕೊಡಿಸುತ್ತದೆ ಎಂಬ ಸುದ್ದಿ ಹಬ್ಬಿದರೆ "ಬಿ.ಎಡ್. ಕಾಲೇಜುಗಳೆಲ್ಲ ಹಾಗೆಯೇ" ಎಂಬ ಮಾತು ಹುಟ್ಟುತ್ತದೆ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರ ವರದಿಯಲ್ಲಿ ಶಿಕ್ಷಕ ಶಿಕ್ಷಣ ಸಂಸ್ಥೆಗಳಲ್ಲಿ ಬಹುಪಾಲು ಖಾಸಗಿ ವಲಯದಲ್ಲಿವೆ, ಗುಣಮಟ್ಟ ಕಳವಳಕಾರಿ ಎಂದು ಹೇಳಿದಾಗ ಅದು ಪ್ರಾಮಾಣಿಕವಾಗಿ ನಡೆಯುತ್ತಿದ್ದ ಕಾಲೇಜುಗಳ ಮೇಲೂ ಬಿತ್ತು. ದೊಡ್ಡವರ ತಪ್ಪು ವಿಭಾಗದ್ದು, ಸಣ್ಣವರ ತಪ್ಪು ಜಾತಿಗೇ ಸೇರಿದ್ದು ಎನ್ನುವ ಹಾಗೆ.

ಸಣ್ಣ ಕಾಲೇಜಿನ ಹೆಸರು ಬಹಳ ತೆಳ್ಳಗೂ ಇರುತ್ತದೆ. ಗಣಿತ ಬೋಧನಾ ವಿಧಾನವನ್ನು ಚೆನ್ನಾಗಿ ಕಲಿಸುತ್ತಿದ್ದ ಒಬ್ಬರು ನಿವೃತ್ತರಾದರೆ, ಒಬ್ಬ ಪ್ರಾಂಶುಪಾಲರು ಬದಲಾದರೆ, ಹತ್ತು ವರ್ಷಗಳ ಹೆಸರು ಎರಡು ವರ್ಷದಲ್ಲಿ ಕರಗುತ್ತದೆ. ವಿಶ್ವವಿದ್ಯಾಲಯದ ಹೆಸರು ಮಾತ್ರ ಕೆಲಸ ನಿಂತ ಮೇಲೂ ಬಹಳ ಕಾಲ ಉಳಿಯುತ್ತದೆ, ಊರ ಹೊರಗಿನ ಹಳೆಯ ಕೆರೆಯ ಹಾಗೆ. ನೀರಿಲ್ಲದಿದ್ದರೂ ನಕ್ಷೆಯಲ್ಲಿ ಇರುತ್ತದೆ.

ಈ ಮಾತುಗಳ ಹಿಂದೆ ನಿಜವಾದ ಆತಂಕವೂ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ಹೊತ್ತಿಗೆ ಒಂಟಿ ಶಿಕ್ಷಕ ಶಿಕ್ಷಣ ಸಂಸ್ಥೆಗಳು ಬಹುಶಿಸ್ತೀಯ ಸಂಸ್ಥೆಗಳಾಗಬೇಕು ಎನ್ನುತ್ತದೆ. ಸಂಯೋಜನೆಯ ಪದ್ಧತಿಯನ್ನೇ 15 ವರ್ಷಗಳಲ್ಲಿ ಹಂತಹಂತವಾಗಿ ಕೈಬಿಡುವ ಮಾತೂ ಅದರಲ್ಲಿದೆ. ನಮ್ಮ ಬಹುತೇಕ ಕಾಲೇಜುಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆ. ಎರವಲು ಮುದ್ರೆ ಹೋದ ದಿನ ಕೈಯಲ್ಲಿ ಉಳಿಯುವುದು ಸ್ವಂತ ಹೆಸರು ಮಾತ್ರ.

ಮಕ್ಕಳಿಗೆ ಏನು ಹೇಳಬೇಕು?

ಈಗ ಪ್ರಶಿಕ್ಷಣಾರ್ಥಿಯ ಪ್ರಶ್ನೆಗೆ ಬರೋಣ. ಊರಿನ ಕಾಲೇಜು ಎಂದರೆ ಹಿತ್ತಲ ಗಿಡ ಮದ್ದಲ್ಲ ಎಂಬ ಭಾವ ಮಕ್ಕಳಿಗಿಂತ ನಮ್ಮಲ್ಲೇ ಹೆಚ್ಚು. ಮಾರ್ಗದರ್ಶನದ ಅವಧಿಯಲ್ಲಿ ನಾವು ದೊಡ್ಡ ಹೆಸರುಗಳ ಪಟ್ಟಿ ಓದುತ್ತೇವೆ. ಕೇಳುತ್ತಿರುವ ಹುಡುಗಿಯ ಮನೆಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವಂತಿದ್ದರೆ ಮಾತ್ರ ಓದು, ಇಲ್ಲದಿದ್ದರೆ ಇಲ್ಲ ಎಂದಿರಬಹುದು. ಅವಳ ಪಾಲಿಗೆ ಆಯ್ಕೆ ಇರುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಮತ್ತು ಓದು ನಿಲ್ಲಿಸುವುದು ಇವೆರಡರ ನಡುವೆ. ರಾಜ್ಯದಲ್ಲಿ ಅಂಥ ಕಾಲೇಜುಗಳು 400ಕ್ಕೂ ಹೆಚ್ಚಿವೆ. ಅವುಗಳನ್ನು ಲಘುವಾಗಿ ಮಾತಾಡಿದರೆ ನಾವು ಒಂದು ಬಾಗಿಲನ್ನು ಮುಚ್ಚಿದಂತೆ.

ಹಾಗೆಂದು ಎಲ್ಲವೂ ಒಂದೇ ಎಂದು ಸುಳ್ಳು ಹೇಳಬೇಕಾಗಿಯೂ ಇಲ್ಲ. ಸಂಶೋಧನೆ ಮಾಡಬಯಸುವವರಿಗೆ ದೊಡ್ಡ ಗ್ರಂಥಾಲಯ, ಪ್ರಯೋಗಾಲಯ, ಪಿಎಚ್‌.ಡಿ. ಮಾರ್ಗದರ್ಶಕರು ಬೇಕು, ಅದು ವಿಶ್ವವಿದ್ಯಾಲಯದ ಕ್ಷೇತ್ರ. ಹೊರ ರಾಜ್ಯ, ಹೊರ ದೇಶಕ್ಕೆ ಹೋಗುವವರಿಗೆ ಪರಿಚಿತ ಹೆಸರು ಉಪಯೋಗಕ್ಕೆ ಬರುತ್ತದೆ. ನಮ್ಮ ಸರ್ಕಾರಿ ಶಿಕ್ಷಕರ ನೇಮಕಾತಿಯಲ್ಲಿ ಮಾತ್ರ ಪದವಿ ಮತ್ತು ಬಿ.ಎಡ್. ಅಂಕಗಳು, ಟಿಇಟಿ, ಸ್ಪರ್ಧಾತ್ಮಕ ಪರೀಕ್ಷೆಯ ಅಂಕಗಳು ಲೆಕ್ಕಕ್ಕೆ ಬರುತ್ತವೆಯೇ ಹೊರತು ಕಾಲೇಜಿನ ಹೆಸರಿಗೆ ಅಂಕವಿಲ್ಲ. ಖಾಸಗಿ ಶಾಲೆಯವರು ಹೆಸರು ಕೇಳುತ್ತಾರೆ, ಆದರೆ ಡೆಮೊ ಪಾಠ ನೋಡದೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಯಾರ ಮುಂದೆ, ಯಾವ ಕೆಲಸಕ್ಕೆ ಎಂಬುದನ್ನು ಬಿಟ್ಟು ಹೆಸರಿನ ಬೆಲೆ ಹೇಳಲು ಬರುವುದಿಲ್ಲ.

ಹತ್ತನೇ ತರಗತಿಯ ಅಥವಾ ಪಿಯುಸಿ ಮಕ್ಕಳಿಗೆ ಇದನ್ನು ಕಲಿಸಲು ಭಾಷಣಕ್ಕಿಂತ ಸಣ್ಣ ಚಟುವಟಿಕೆ ಮೇಲು. ಅವರಿಗೆ ಗೊತ್ತಿರುವ ಎರಡು ಕಾಲೇಜುಗಳನ್ನು ಅವರೇ ಹೆಸರಿಸಲಿ. ಪ್ರತಿಯೊಂದಕ್ಕೂ ಅಲ್ಲಿ ಈಗ ಓದುತ್ತಿರುವ ಒಬ್ಬರನ್ನು ಹುಡುಕಿ ಮೂರು ಪ್ರಶ್ನೆ ಕೇಳಿಕೊಂಡು ಬರಲಿ: ನೀವು ಸೇರಿಕೊಂಡ ವಿಷಯಕ್ಕೆ ಅಧ್ಯಾಪಕರು ವರ್ಷವಿಡೀ ಇದ್ದರೇ? ನಿಮ್ಮ ಉತ್ತರಪತ್ರಿಕೆಯನ್ನೋ ದತ್ತಕಾರ್ಯವನ್ನೋ ತಿದ್ದಿ, ಏನು ತಪ್ಪಾಯಿತೆಂದು ಯಾರಾದರೂ ಹೇಳಿದರೇ? ಕಳೆದ ವರ್ಷ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ? ಬಂದ ಉತ್ತರಗಳನ್ನು ತರಗತಿಯಲ್ಲಿ ಕೋಷ್ಟಕವಾಗಿ ಬರೆಯಿರಿ. ದೊಡ್ಡ ಹೆಸರಿನ ಕಡೆ ಮೂರನೆಯ ಉತ್ತರ ಚೆನ್ನಾಗಿದ್ದು ಎರಡನೆಯದು ಖಾಲಿ ಬಿದ್ದರೆ, ಅಥವಾ ಊರಿನ ಕಾಲೇಜಿನಲ್ಲಿ ಮೊದಲನೆಯದೇ ಇಲ್ಲದಿದ್ದರೆ, ಮಕ್ಕಳು ತಾವಾಗಿಯೇ ಮಾತಿಗೆ ಶುರುಮಾಡುತ್ತಾರೆ. ಸಮಾಜ ವಿಜ್ಞಾನದ ದತ್ತಾಂಶ ಸಂಗ್ರಹದ ಪಾಠವೂ ಇದರಲ್ಲೇ ಆಗುತ್ತದೆ.

ಅಧ್ಯಾಪಕ ಶಿಕ್ಷಕರ ಪಾಲಿನದು ಬೇರೆ. 2014ರ ಎನ್‌ಸಿಟಿಇ ನಿಯಮಾವಳಿಯಂತೆ ಎರಡು ವರ್ಷಗಳ ಬಿ.ಎಡ್.ನಲ್ಲಿ ಶಾಲೆಯಲ್ಲಿ ಕಳೆಯಬೇಕಾದ ಅವಧಿ 20 ವಾರ. 200 ವಿದ್ಯಾರ್ಥಿಗಳಿಗೆ 16 ಜನ ಪೂರ್ಣಾವಧಿ ಅಧ್ಯಾಪಕರು, ಅಂದರೆ ಒಬ್ಬರಿಗೆ 12–13 ಜನ. ಹುದ್ದೆಗಳು ನಿಜವಾಗಿ ಭರ್ತಿಯಾಗಿದ್ದರೆ, ಯಾವ ದೊಡ್ಡ ಉಪನ್ಯಾಸ ಸಭಾಂಗಣವೂ ಕೊಡಲಾಗದ ಅನುಕೂಲ ಇದು. ಇಷ್ಟು ಜನರ ಪಾಠವನ್ನು ಕಡೆಯ ಬೆಂಚಿನಲ್ಲಿ ಕೂತು ಪೂರ್ತಿ ನೋಡಬಹುದು, ಗಂಟೆ ಹೊಡೆದ ಮೇಲೆ ಮರದ ಕೆಳಗೆ ಹತ್ತು ನಿಮಿಷ ಮಾತಾಡಬಹುದು. ವೀಕ್ಷಣಾ ಪುಸ್ತಕದಲ್ಲಿ 'ಉತ್ತಮ' ಎಂದು ಬರೆದು, ಸಹಿ ಹಾಕಿ, ಮುಂದಿನ ಶಾಲೆಯ ಬಸ್ಸಿಗೆ ಓಡಬಹುದು ಕೂಡ. ಮುಖ್ಯೋಪಾಧ್ಯಾಯರು ಎರಡನ್ನೂ ನೋಡುತ್ತಿರುತ್ತಾರೆ. ಪ್ರಶಿಕ್ಷಣಾರ್ಥಿಗಳು ಬಂದಿದ್ದರಿಂದ ತಮ್ಮ ಪಠ್ಯ ಹಿಂದೆ ಬಿತ್ತೋ, ನಿಧಾನವಾಗಿ ಓದುವ ಮಕ್ಕಳಿಗೆ ಏನಾದರೂ ನೆರವಾಯಿತೋ ಎಂಬುದನ್ನು ಅವರು ಬೇರೆ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕ್ಲಸ್ಟರ್ ಸಭೆಯಲ್ಲಿ ಹೇಳುತ್ತಾರೆ. ಮುಂದಿನ ವರ್ಷ "ಯಾವ ಕಾಲೇಜಿನವರು?" ಎಂದು ಕೇಳಿ, ಹೆಸರು ತಿಳಿದ ಮೇಲೆ ಹತ್ತನೇ ತರಗತಿ ಕೊಡುವುದೋ ಬಿಡುವುದೋ ಎಂಬ ತೀರ್ಮಾನ ಆ ಸಭೆಯಲ್ಲೇ ಆಗಿರುತ್ತದೆ.